ಚರಟ

ಫಿಲ್ಟರ್ ಪ್ರೆಸ್ಸಿನ ಬಟ್ಟೆಯ ಕಣ್ಣೆಲ್ಲ ಮುಚ್ಚಿ ಮೂರು ದಿನ.
ಮುನಿವೆಂಕಟಪ್ಪ ಎಷ್ಟು ಬಿಗಿದರೂ ರಾಡಿ ನೀರು ಬಿಡದು,
ಮಗುವಿನ ಮುಷ್ಟಿಯ ಪೆಪ್ಪರಮಿಂಟು.

ಲ್ಯಾಬಿನ ಮೂಲೆಯಲ್ಲಿ ಗುಜರಿಯಿಂದ ತಂದ ಐಸ್‌ಕ್ರೀಂ ಪೆಟ್ಟಿಗೆ;
ಮುಚ್ಚಳದ ಮೇಲೆ ಇನ್ನೂ ಅರ್ಧ ಮಾವಿನಹಣ್ಣು.
ಅದರೊಳಗೆ, ಸ್ಟೀಲ್ ಡಬ್ಬಿಯಲ್ಲಿ,
ವೃಷಭಾವತಿ ಕಣಿವೆಯನ್ನು ಒಂದು ಲೀಟರ್ ಇಟ್ಟೆ.

ಅವಸರ ಬೇಡ, ಅಂದಿದ್ದರು ಫರ್ಜಾನಾ ಮೇಡಂ.
ನಿಧಾನಕ್ಕೆ ಕಟ್ಟುವ ಮಂಜುಗಡ್ಡೆ ಬಲು ಮಡಿ:
ನೀರನ್ನಷ್ಟೇ ಒಳಗೆ ಬಿಟ್ಟುಕೊಂಡು
ಮಿಕ್ಕಿದ್ದನ್ನು ಆಚೆ ತಳ್ಳುತ್ತದೆ.
"ಓ, ಅದಕ್ಕೂ ಮಡಿಯಾ?"
ಮುನಿವೆಂಕಟಪ್ಪ ಕೈಗವಸು ಕಳಚುತ್ತ ನಕ್ಕ.
ನಗಬೇಕೋ ಬೇಡವೋ ತಿಳಿಯಲಿಲ್ಲ ನನಗೆ.

ಎರಡು ರಾತ್ರಿ. ಮೂರನೇ ಬೆಳಿಗ್ಗೆ ಕರೆಂಟು ಹೋಗಿ
ತಾನಾಗಿ ಕರಗಿತು.
ಬಟ್ಟೆಯ ಮೇಲೆ ಸುರಿದೆ.
ಇನ್ನೊಂದು ಬೀಕರ್ ತರುವಷ್ಟರಲ್ಲಿ ನೀರೆಲ್ಲ ಕೆಳಗೆ, ತಿಳಿಯಾಗಿ;
ಮೇಲೆ, ತಳ್ಳಿಸಿಕೊಂಡವು, ಒಂದಕ್ಕೊಂದು ಅಂಟಿ ಕೂತಿವೆ
ಫಿಲ್ಟರಿನಲ್ಲಿ ಉಳಿದ ಕಾಫಿ ಚರಟದ ಥರ.
ಮತ್ತೆ ಕಲಕಿದರೂ ನೀರಿಗೆ ಸೇರಲೊಲ್ಲವು.

ಹದಿನಾರು ಡಿಗ್ರಿಗೇ ಮಂಕಿ ಟೋಪಿ ಹಾಕುವ ಊರು ಇದು.
ದಿನಕ್ಕೆ ಎಷ್ಟೋ ಲಾರಿ ರಾಡಿಗೆ
ಎಲ್ಲಿಂದ ತರೋಣ ಅಷ್ಟು ಚಳಿ?
ಮೇಡಂ ಕರೆಂಟ್ ಬಿಲ್ಲಿನ ಹಿಂದೆ ಲೆಕ್ಕ ಹಾಕಿ, ಹರಿದುಹಾಕಿದರು.

ಅವನು ಒಂದು ಚಿಟಿಕೆ ಅಂಗೈಗಿಟ್ಟು ಮೂಸಿದ.
"ಮಣ್ಣು," ಅಂದ.
ಪ್ರೆಸ್ಸಿನ ಕಡೆ ಹೋದ.