ಕರಿದಾರ

ಪುಣೆಯ ಸೂಸ್ ಊರಾಚೆ, ಹಾಳುಬಿದ್ದ ಇಟ್ಟಿಗೆ ಭಟ್ಟಿಯ ಬಯಲು.
ಶ್ರಾವಣದ ಎರೆಮಣ್ಣು ಹೋಳಿಗೆಯ ಕಣಕದ ಹಾಗೆ
ಟೈರಿಗೆ ಅಂಟಿ, ಫೋರ್ಕಿಗೆ ಅಂಟಿ,
ಬ್ರೇಕಿನ ಕಂಕುಳಲ್ಲಿ ಗಡ್ಡೆ ಕಟ್ಟಿ ಕೂತಿತ್ತು.
ಆರು ಸುತ್ತು. ಸುತ್ತಿಗೆರಡು ಕಡೆ ಅಡ್ಡ ಹಲಗೆ:
ಇಳಿ, ಎತ್ತು, ದಾಟು, ಹತ್ತು.
ನಲವತ್ತೇಳರ ಮೊಣಕಾಲು ಪ್ರತಿ ಸಲವೂ ಒಂದು ಅರ್ಜಿ ಕೊಡುತ್ತಿತ್ತು.

ಭೋಸರಿಯಲ್ಲಿ ನಾನು ಗಿಯರಿನ ಹಲ್ಲು ಕೊರೆಯುವವ.
ಇಪ್ಪತ್ತೆರಡು ವರ್ಷ.
ಕೂದಲೆಳೆ ಆಚೀಚೆಯಾದರೂ ಕೆಂಪು ಡಬ್ಬಿಗೆ.
ಯಾರ್ಯಾರದೋ ಲಾರಿ ಘಾಟು ಹತ್ತುವುದು ನನ್ನ ಹಲ್ಲಿನಿಂದ;
ನನ್ನ ಸೈಕಲ್ಲು ಮಾತ್ರ ಒಂದು ವರ್ಷವೂ ಗುರಿ ಮುಟ್ಟಿಲ್ಲ.
ಮೊದಲ ವರ್ಷ ಜಾಲಿಮುಳ್ಳು.
ಮರುವರ್ಷ ಸೀಟಿನ ಕೊಳವೆ ಕುಸಿದು
ಮೂರು ಸುತ್ತು ಕಪ್ಪೆಯಂತೆ ಕೂತು ತುಳಿದು ಸೊಂಟ ಹಿಡಿಯಿತು.
ಹೋದ ವರ್ಷದ್ದು ಬಿಡಿ.

'ಯಾರದೋ ಕಣ್ಣು ಬಿದ್ದದ ತಮ್ಮಾ,' ಅಂದಳು
ಇಂಡಿಯಿಂದ ಬಂದಿದ್ದ ನೀಲಕ್ಕ.
ಕಣ್ಣು ಹಾಕಲು ಇದರಲ್ಲೇನಿದೆ ಅಕ್ಕ,
ಎರಡನೇ ಕೈಯ ಚೌಕಟ್ಟು, ಮೂರನೇ ಕೈಯ ಚಕ್ರ?
ಕೇಳಲಿಲ್ಲ. ಬೆಳಗಿನ ಜಾವ ಎದ್ದು
ಸೀಟಿನ ಕೆಳಗೆ ಲಿಂಬೆ, ನಾಲ್ಕು ಮೆಣಸಿನಕಾಯಿ,
ಕರಿದಾರದಲ್ಲಿ ಬಿಗಿದಿದ್ದಳು.

ನಾಲ್ಕನೇ ಸುತ್ತಿಗೆ ನಾನು ಒಂಬತ್ತನೆಯವ.
ನಂಬಿ, ಒಂಬತ್ತನೆಯವ.
ಧುಮಾಳರ ಹುಡುಗ, ಕಾರ್ಬನ್ ಸೈಕಲ್ಲಿನವ,
ತಿರುವಿನಲ್ಲಿ ಜಾರಿ ಕೆಸರು ಮುಕ್ಕುತ್ತಿದ್ದ.
ಇವತ್ತು ಕಡಲೆಯೂ ಇದೆ, ಹಲ್ಲೂ ಇದೆ
ಅಂದುಕೊಳ್ಳಬಾರದಿತ್ತು.

ಕಟಕ್.
ಹಿಂದಿನ ಗಿಯರ್ ಕಿತ್ತುಬಂದು ಕಡ್ಡಿಗಳೊಳಗೆ ಕೈಯಿಟ್ಟಿತು.
ಚಕ್ರ ನಿಂತಿತು. ನಾನು ನಿಲ್ಲಲಿಲ್ಲ,
ಹ್ಯಾಂಡಲ್ ದಾಟಿ ಸ್ವಲ್ಪ ದೂರ ಒಬ್ಬನೇ ಹೋದೆ.

ಆಮೇಲೆ ಎದ್ದೆ. ಬೈದೆ,
ಕನ್ನಡದಲ್ಲಿ, ಮರಾಠಿಯಲ್ಲಿ, ಸಾಲದೆ ಕಾರ್ಖಾನೆಯ ಹಿಂದಿಯಲ್ಲಿ.
ಸೈಕಲ್ಲು ಎತ್ತಿ ಹೆಗಲಿಗೆ ಹಾಕಿದೆ.
ಇಷ್ಟು ದಿನ ನನ್ನ ಹೊತ್ತಿದ್ದರ ಸಾಲ
ಎರಡೂವರೆ ಸುತ್ತಿನಲ್ಲಿ ತೀರಿಸುವ ಹಾಗೆ ಓಡಿದೆ.
ಜೋತ ಚೈನು ತೊಡೆಗೆ ಬಡಿಯುತ್ತಿತ್ತು.
ಹಗ್ಗದಾಚೆಯಿಂದ ಒಬ್ಬ ಪೋರ:
'ಕಾಕಾ, ಸೈಕಲ್ಲೇ ನಿಮ್ಮ ಮೇಲೆ ಸವಾರಿ ಹೊರಟಿದೆ!'
ನಗು ಬಂತು. ನಕ್ಕರೆ ಉಸಿರು ತಪ್ಪುತ್ತಿತ್ತು.

ಗೆರೆ ಮುಟ್ಟಿದಾಗ ಹಗ್ಗ ಸುತ್ತಿಡುತ್ತಿದ್ದರು.
ವಡಾಪಾವ್ ಹಿಡಿದಿದ್ದ ಕೈ ಬದಲಿಸಿ
ಗಡಿಯಾರದವ ಬರೆದುಕೊಂಡ: ಮೂವತ್ತೆಂಟು.
ಎಣ್ಣೆಯ ಹೆಬ್ಬೆರಳ ಗುರುತೊಂದು ನನ್ನ ಹೆಸರಿನ ಪಕ್ಕ.

ನಲ್ಲಿಯ ಕೆಳಗೆ ತೊಳೆದು ನೋಡಿದೆ, ಕಸುಬಿನ ಕಣ್ಣು ಬಿಡಬೇಕಲ್ಲ.
ಮುರಿದ ಗಿಯರಿನ ಪುಟ್ಟ ಗಾಲಿಯೊಳಗೆ
ಎಂಟು ಸುತ್ತು ಸುತ್ತಿಕೊಂಡ ಕರಿದಾರ,
ಅರೆದ ಲಿಂಬೆಸಿಪ್ಪೆ,
ಹಲ್ಲಿನ ಸಂದಿಯಲ್ಲಿ ಮೆಣಸಿನ ಎರಡು ಬೀಜ.
ಕಾರ್ಖಾನೆಯಲ್ಲಾಗಿದ್ದರೆ ಬರೆಯುತ್ತಿದ್ದೆ:
ವೈಫಲ್ಯದ ಕಾರಣ, ಹೊರಗಿನ ವಸ್ತು.

ಚಾಕುವಿನಿಂದ ಕೊಯ್ದು ಜೇಬಿಗೆ ಹಾಕಿಕೊಂಡೆ.

'ಏನಾತೋ?' ಬಾಗಿಲಲ್ಲೇ ಕೇಳಿದಳು.
'ಗ್ರಹಚಾರ ಅಕ್ಕ.'
'ನಾ ಹೇಳಿದ್ದಿಲ್ಲೇನು!' ಮುಖ ಅರಳಿತು.
ಒಳಗೆ ಹೋಗಿ ಇನ್ನೂ ದಪ್ಪನೆಯ ದಾರ ತಂದಳು.
ಹ್ಯಾಂಡಲ್ ಮುಂದೆ ಮಾಡಿ ಹಿಡಿದೆ:
ಈ ಸಲ ಇಲ್ಲಿ ಕಟ್ಟು, ಹಿಂದೆ ಬೇಡ.
'ಹುಚ್ಚಪ್ಪಾ, ಕಣ್ಣು ಬೀಳೂದು ಹಿಂದಿನವರದ್ದು,' ಅಂದಳು.

ಹಿಂದೆ ಯಾರೂ ಇರಲಿಲ್ಲ ಎಂದು
ನಾನು ಹೇಳಲಿಲ್ಲ.