ಹನ್ನೊಂದನೇ ಕಾಲಂ

ಹತ್ತರವರೆಗೆ ಎಲ್ಲ ಸಲೀಸು.
ಹೆಸರು ಪೂವಕ್ಕ, ಗಂಡ ದಿವಂಗತ ಚೆನ್ನಪ್ಪ,
ಊರು ಹುದುಗೂರು, ವಿಮೆ ನಂಬರು ಬಾಯಿಪಾಠ,
ಕೆಲಸ ಕಾಫಿ ಕ್ಯೂರಿಂಗಿನಲ್ಲಿ ಬೀಜ ಆರಿಸುವುದು,
ಸೇವೆ ಹತ್ತೊಂಬತ್ತು ವರ್ಷ ನಾಲ್ಕು ತಿಂಗಳು.
ಹನ್ನೊಂದಕ್ಕೆ ಬಂದಾಗ ಗುಮಾಸ್ತರ ಪೆನ್ನು ನಿಂತಿತು:
'ಕೆಲಸ ಬಿಟ್ಟದ್ದೋ, ಬಿಡಿಸಿದ್ದೋ?'

ಕುಶಾಲನಗರದ ಆ ಕಚೇರಿಯ ಫ್ಯಾನಿಗೆ
ಒಂದು ರೆಕ್ಕೆ ಸೊಟ್ಟ, ಸುತ್ತಿಗೊಮ್ಮೆ ಕಿರ್ ಅನ್ನುತ್ತದೆ.
ಉತ್ತರ ನನಗೆ ಗೊತ್ತಿತ್ತು.
ಆ ಚೌಕದೊಳಗೆ ಹಿಡಿಯುತ್ತಿರಲಿಲ್ಲ, ಅಷ್ಟೆ.

ಮಾರ್ಚಿನಲ್ಲಿ ಒಂದು ಲಾರಿ ಬಂತು ಸ್ವಾಮಿ,
ಬೀರುವಿನಷ್ಟು ದೊಡ್ಡ ಬಿಳಿ ಮಿಷನ್ ಇಳಿಯಿತು.
ಅದಕ್ಕೆ ಕ್ಯಾಮರಾದ ಕಣ್ಣು, ಗಾಳಿಯ ಬೆರಳು.
ಕಪ್ಪು ಬೀಜ ಕಂಡರೆ ಉಫ್ ಅಂತ ಊದಿ ಬೀಳಿಸುತ್ತದೆ.
ಊಟದ ಬಿಡುವಿನಲ್ಲಿ ನಾವು ಮೂವತ್ತೆರಡು ಹೆಂಗಸರು
ಬುತ್ತಿ ಹಿಡಿದು ಸುತ್ತ ನಿಂತು ನೋಡಿದೆವು.
'ನಮ್ಮತ್ತೆಯ ಕಣ್ಣು ಇದಕ್ಕಿಂತ ಚುರುಕು'
ಅಂತ ಆಯಿಷಾಬಿ ನಗಿಸಿದಳು.
ಏಪ್ರಿಲಿನಲ್ಲಿ ನಮಗೆ ರಾತ್ರಿ ಪಾಳಿ, ಮೂಟೆ ಹೊಲಿಗೆ.
ರಾತ್ರಿ ಎರಡಕ್ಕೆ ನಮ್ಮೂರಿಗೆ ಯಾವ ಬಸ್ಸು?
ಆ ಹೊತ್ತಲ್ಲಿ ರಸ್ತೆ ಆನೆಗಳದ್ದು.

ಅದನ್ನೇ ಹೇಳಿದೆ ಮ್ಯಾನೇಜರಿಗೆ.
ಕುರ್ಚಿ ಕೊಟ್ಟರು. ಕಾಫಿ ತರಿಸಿದರು.
ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ
ಆ ಕೋಣೆಯಲ್ಲಿ ಕೂತು ಕುಡಿದೆ;
ಚಿಕೋರಿ ಜಾಸ್ತಿಯಾಗಿತ್ತು.
'ಆಗದಿದ್ದರೆ ಬಲವಂತ ಇಲ್ಲ, ಇಲ್ಲೊಂದು ಸಹಿ.'
ಕಾಗದ ಮೊದಲೇ ಟೈಪಾಗಿ ಕೂತಿತ್ತು,
ಅದರ ನಡುವೆ ಒಂದು ಪದ: ಸ್ವಇಚ್ಛೆಯಿಂದ.

ಇಚ್ಛೆ!
ಎಲ್ಲಿದ್ದಳೋ ಮಾರಾಯ್ತಿ ಇಷ್ಟು ದಿನ.
ಪುತ್ತರಿಗೆ ಒಂದು ದಿನ ಹೆಚ್ಚು ರಜೆ ಕೇಳಿದಾಗ ಕಾಣಲಿಲ್ಲ.
ಬೆಂಚು ತಗ್ಗು, ಸೊಂಟ ಹೋಗ್ತದೆ ಅಂದಾಗ ಕಾಣಲಿಲ್ಲ.
ಚೆನ್ನಪ್ಪನನ್ನು ಮಡಿಕೇರಿಯಿಂದ ಮೈಸೂರಿಗೆ ಸಾಗಿಸುವ ದಿನ
ಅರ್ಧ ಗಂಟೆಗಾದರೂ ಬಂದು ನನ್ನ ಪರ ಮಾತಾಡಲಿಲ್ಲ.
ಹೊರಗೆ ಹೋಗುವ ದಿನ ಮಾತ್ರ ಗೇಟಿನಲ್ಲಿ ನಿಂತಿದ್ದಳು
ನನ್ನ ಹೆಸರಿಟ್ಟುಕೊಂಡು, ಬೀಳ್ಕೊಡುವ ನೆಂಟಳ ಹಾಗೆ.

'ತಾವಾಗಿ ಬಿಟ್ಟವರಿಗೆ ಬರುವುದಿಲ್ಲಮ್ಮ.'
ಗುಮಾಸ್ತರು ಕೆಟ್ಟವರಲ್ಲ,
ಸುತ್ತೋಲೆ ತೆಗೆದು ಬೆರಳಿಟ್ಟು ಓದಿದರು:
ತಪ್ಪು ಮಾಡಿ ಹೋದವರಿಗೂ ಇಲ್ಲ, ತಾವಾಗಿ ಹೋದವರಿಗೂ ಇಲ್ಲ.
ಮೂಟೆ ಕದ್ದು ಸಿಕ್ಕಿಬಿದ್ದ ಆ ಲೋಡರ್ ಹುಡುಗನೂ ನಾನೂ
ಒಂದೇ ವಾಕ್ಯದಲ್ಲಿ, ನಡುವೆ ಒಂದು ಅಲ್ಪವಿರಾಮ.
'ಕಂಪನಿಯೇ ತೆಗೆದದ್ದು ಅಂತ ಒಂದು ಪತ್ರ ತನ್ನಿ, ನೋಡುವ.'
ಹೇಗೆ ಕೊಡುತ್ತಾರೆ?
ಅವರ ಫೈಲಿನಲ್ಲಿ ನಾನು ಸಂತೋಷದಿಂದ ಹೋಗಿದ್ದೇನೆ.

ಅವರ ಬೆರಳನ್ನು ಬಯ್ಯಲಾರೆ.
ಬೆಲ್ಟಿನ ಮೇಲೆ ಬೀಜ ಹರಿದು ಬರುವಾಗ
ಇದು ಯಾಕೆ ಕಪ್ಪಾಯಿತು ಅಂತ ನಾನಾದರೂ ಕೇಳಿದ್ದುಂಟೆ?
ಹುಳ ಕೊರೆದದ್ದೋ, ಕಣದಲ್ಲಿ ಮಳೆಗೆ ನೆನೆದದ್ದೋ,
ಹಣ್ಣಾಗುವ ಮೊದಲೇ ಯಾರೋ ಕೊಯ್ದದ್ದೋ.
ಬೆರಳು ಹೋಗುತ್ತಿತ್ತು, ಬೀಜ ಬುಟ್ಟಿಗೆ ಬೀಳುತ್ತಿತ್ತು.
ಆದರೂ ಒಂದು: ಬೀಜದ ಕೈಯಿಂದ
ನಾವು ಯಾವತ್ತೂ ಸಹಿ ಹಾಕಿಸಿಕೊಳ್ಳಲಿಲ್ಲ.

ಫಾರಂ ಮಡಚಿ ಕೊಡೆಯ ಜೊತೆ ಚೀಲಕ್ಕೆ ಹಾಕಿದೆ,
ಹನ್ನೊಂದು ಖಾಲಿಯೇ ಉಳಿಯಿತು.

ಬಸ್‌ಸ್ಟ್ಯಾಂಡಿನಲ್ಲಿ ಆಯಿಷಾಬಿಯ ಫೋನು:
'ನಾಳೆ ಹತ್ತಕ್ಕೆ ನನ್ನ ಸರದಿಯಂತೆ ಪೂವಕ್ಕ,
ಒಳಗೆ ಕೂರಿಸಿ ಕಾಫಿ ಕೊಡ್ತಾರಂತೆ, ಹೌದಾ?'
ಸೋಮವಾರಪೇಟೆ ಬಸ್ಸು ಹಾರ್ನು ಬಡಿಯುತ್ತಿತ್ತು.
ಒಂದು ಕಿವಿ ಮುಚ್ಚಿಕೊಂಡು ಜೋರಾಗಿ ಹೇಳಿದೆ,
ಪಕ್ಕದ ಬಾಳೆಹಣ್ಣಿನವನೂ ತಿರುಗಿ ನೋಡಿದ:

ಕಾಫಿ ಕುಡಿ. ಬಿಸ್ಕತ್ತು ಕೊಟ್ಟರೆ ಅದನ್ನೂ ತಿನ್ನು.
ಕಾಗದ ಮುಂದಿಟ್ಟರೆ
ಕನ್ನಡಕ ಮನೆಯಲ್ಲಿ ಮರೆತೆ ಅನ್ನು.
ನಾಡಿದ್ದು ಕರೆದರೆ
ನಾಡಿದ್ದೂ ಮರೆ.