ಲಗೇಜು

ಮೂವತ್ತು ಕಿಲೋ ದಾಟಿದರೆ ಟಿಕೆಟ್ ಹರಿಯಬೇಕು.
ಬೈತಖೋಲದ ದೇವಕ್ಕನ ಬಾಂಗಡೆ ಬುಟ್ಟಿಗೂ
ಬಿಡದೆ ಹರಿದಿದ್ದೇನೆ ಹತ್ತೊಂಬತ್ತು ವರ್ಷ.
ಮೊನ್ನೆ ಚಿಲ್ಲರೆ ಎಣಿಸುತ್ತ ಅವಳು ಕೇಳಿದಳು:
"ಬಾಯೀ, ನಿನ್ನ ಲಗೇಜಿಗೆ ಹರಿಯುವವರು ಯಾರೇ?"
ಹಿಂದಿನ ಸೀಟಿನವರೆಗೂ ನಗು.
ನಾನೂ ನಕ್ಕೆ. ನಗುವಾಗ
ಎರಡು ಸೀಟಿನ ಕಂಬಿಗಳ ನಡುವೆ ಸಿಕ್ಕಿಕೊಂಡಿದ್ದೆ.

ನೂರಾ ಹದಿನೆಂಟು. ಮಡಗಾಂವದ ಡಾಕ್ಟರರ ತಕ್ಕಡಿ
ಮೀನುಪೇಟೆಯದಲ್ಲ, ಚೌಕಾಶಿಗೆ ಬಗ್ಗುವುದಿಲ್ಲ.
ಅವರು ಕಾಗದದ ಮೇಲೆ ಹೊಟ್ಟೆ ಬರೆದರು,
ಮಗು ಬರೆದ ಗೇರುಹಣ್ಣಿನ ಹಾಗಿತ್ತು.
ಉದ್ದಕ್ಕೆ ಒಂದು ಗೀಟು ಎಳೆದು, ಇದು ಸ್ಲೀವ್ ಅಂದರು:
ಮುಕ್ಕಾಲು ಭಾಗ ಕತ್ತರಿಸಿ ತೆಗೆಯುವುದು,
ಉಳಿಯುವುದು ಒಂದು ಬಾಳೆಕಾಯಿಯಷ್ಟು.
ಇನ್ನೊಂದು ಗೀಟು, ಅಡ್ಡ ಒಂದು ಬಾಣ: ಇದು ಬೈಪಾಸ್.
ಬಲೂನಿನ ಮಾತೂ ಬಂತು. ಆರು ತಿಂಗಳ ಬಾಡಿಗೆದಾರ,
ಅವನು ಹೊರಟ ದಿನವೇ ಹಸಿವು ಮನೆಗೆ ವಾಪಸು.
ಅದನ್ನು ಅವರೇ ಹೊಡೆದು ಹಾಕಿದರು.

ಯೋಚಿಸಿ ಹೇಳಿ, ಅಂದರು.
ಯೋಚಿಸುವುದೆಂದರೆ ನನಗೆ
ಬಿಣಗಾ, ಅರಗಾ, ಚೆಂಡಿಯಾ, ತೋಡೂರು, ಅಮದಳ್ಳಿ,
ಸ್ಟಾಪಿಗೊಂದು ಮನಸ್ಸು.

ನಾದಿನಿ ಪ್ರಫುಲ್ಲಾ ಕೋಡಿಬಾಗದಲ್ಲಿ ಬ್ಲೌಸು ಹೊಲಿಯುತ್ತಾಳೆ.
ಸ್ಲೀವ್ ಅಂದ ಕೂಡಲೆ ಟೇಪು ಕೊರಳಿಗೆ ಹಾಕಿಕೊಂಡು
"ಕತ್ತರಿಸೋದೇನು ಸುಲಭ ವೈನೀ,
ಒಳಗೆ ಬಟ್ಟೆ ಬಿಟ್ಟಿರ್ತಾರಾ ಕೇಳು,
ನಾಳೆ ಬಿಚ್ಚಿ ದೊಡ್ಡದು ಮಾಡೋದಾದ್ರೆ?"
ಬಿಟ್ಟಿರುವುದಿಲ್ಲ. ಕೇಳಿದೆ.
ಕತ್ತರಿಸಿದ ತುಂಡನ್ನು ಏನು ಮಾಡುತ್ತೀರಿ ಅಂತಲೂ ಕೇಳಿದೆ.
ಡಾಕ್ಟರರು ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿದರು.

ಆ ತುಂಡಿನಲ್ಲಿ ಏನೇನಿದೆ, ನಾನು ಬಲ್ಲೆ.
ಡ್ಯೂಟಿ ಮುಗಿದ ರಾತ್ರಿ ಹನ್ನೊಂದರ ಗಂಜಿ.
ಹದಿನಾಲ್ಕು ರೂಪಾಯಿ ಕಡಿಮೆ ಬಿದ್ದು ಮೆಮೋ ಸಿಕ್ಕ ದಿನ
ಅಳಲಿಕ್ಕೆ ಜಾಗವಿಲ್ಲದೆ ತಿಂದ ಆರು ಬನ್ಸು.
ಮೂರೇ ದಿನ ಇದ್ದ ಮೊದಲ ಕೂಸಿನ
ಬಾಣಂತನಕ್ಕೆಂದು ಮಾಡಿಟ್ಟ ಮೆಂತೆ ಉಂಡೆ,
ಹಾಳಾಗಬಾರದೆಂದು
ಡಬ್ಬಿ ಪೂರ್ತಿ ನಾನೇ ಖಾಲಿ ಮಾಡಿದ್ದು.

ಬೈಪಾಸಿನಲ್ಲಿ ಏನನ್ನೂ ತೆಗೆಯುವುದಿಲ್ಲವಂತೆ.
ಮೇಲೆ ಮೊಟ್ಟೆಯಷ್ಟು ಹೊಸ ಸ್ಟ್ಯಾಂಡು,
ಅಲ್ಲಿಂದ ಅನ್ನ ನೇರ ಕರುಳಿಗೆ.
ಹಳೇ ಹೊಟ್ಟೆ ಬದಿಯಲ್ಲಿ ಹಾಗೇ ಇರುತ್ತದೆ,
ಇನ್ನು ಯಾರೂ ಬರುವುದಿಲ್ಲವೆಂದು ತಿಳಿಯದೆ
ದಿನವೂ ರಸ ಸುರಿಸಿಕೊಂಡು.

ಅಂಥದ್ದನ್ನು ನೋಡಿದ್ದೇನೆ ನಾನು.
ಚತುಷ್ಪಥ ಬಂದ ಮೇಲೆ ಎಕ್ಸ್‌ಪ್ರೆಸ್ಸುಗಳು
ಒಳಪೇಟೆಗೆ ಹೋಗುವುದು ಬಿಟ್ಟವು.
ಬೀರಣ್ಣ ಮಾತ್ರ ಈಗಲೂ ನಾಲ್ಕಕ್ಕೆದ್ದು
ನಲವತ್ತು ಬನ್ಸು ಕರಿದು ಗಾಜಿನ ಕಪಾಟಿನಲ್ಲಿ ಜೋಡಿಸುತ್ತಾನೆ.
ಯಾಕೋ ಅಂದರೆ, "ಅಭ್ಯಾಸ ಮಾರಾಯ್ತಿ."

ಡಾಕ್ಟರರ ಲೆಕ್ಕ ಬೇರೆ. ಎದೆಯುರಿ ಇರುವವಳಿಗೆ
ಸ್ಲೀವ್ ಮಾಡಿದರೆ ಉರಿ ಇನ್ನೂ ಹೆಚ್ಚೀತು,
ಸಕ್ಕರೆ ಬೇರೆ ಮುನ್ನೂರರ ಮೇಲೆ,
ನಿಮಗೆ ಬೈಪಾಸೇ ವಾಸಿ.
ಆದರೆ ಗುಳಿಗೆ ಸಾಯುವ ತನಕ. ಸಿಹಿ ಮುಟ್ಟಿದರೆ
ಬೆವರಿ, ತಲೆ ಸುತ್ತಿ, ಇದ್ದಲ್ಲೇ ಕೂರಬೇಕಾದೀತು.
ಮಗಳು ಸಾನಿಕಾ ನೋಟ್‌ಬುಕ್ಕಿನಲ್ಲಿ ಎರಡು ಕಂಬ ಎಳೆದು
ಲಾಭ ನಷ್ಟ ಬರೆದಳು.
ಎರಡರ ಬುಡದಲ್ಲೂ ಒಂದೇ ಸಾಲು, ಸಣ್ಣ ಅಕ್ಷರದಲ್ಲಿ:
ಆಯಿ ಇರ್ತಾಳೆ.

ನಿನ್ನೆ ಸಹಿ ಹಾಕಿದೆ, ಬೈಪಾಸಿಗೆ.
ದೊಡ್ಡ ಕಾರಣವೇನಿಲ್ಲ. ಎದೆಯುರಿ. ಮತ್ತೆ,
ಆ ಉಂಡೆಗಳನ್ನು ಚೀಲಕ್ಕೆ ಕಟ್ಟಿ ಯಾರದೋ ಕೈಗೆ ಕೊಡುವುದು
ಬೇಡ ಅನ್ನಿಸಿತು.

ರಾತ್ರಿ ಕೊನೇ ಟ್ರಿಪ್ಪು. ಒಳಪೇಟೆಗೆ ಒಬ್ಬನೇ ಪ್ಯಾಸೆಂಜರು,
ಅವನಿಗೂ ನಿದ್ದೆ.
ಕ್ರಾಸಿನಲ್ಲಿ ಇನಾಸ ಗೇರು ಇಳಿಸಿ ಕನ್ನಡಿಯಲ್ಲಿ ನೋಡಿದ:
"ಹೊರಗಿಂದಲೇ ಹೊಡೀಲಾ ಬಾಯೀ?"
"ಒಳಗೆ ತಗೋ," ಅಂದೆ. "ಇನ್ನೂ ಹನ್ನೊಂದು ದಿನ ಉಂಟು."

ಬೀರಣ್ಣ ಸ್ಟೂಲಿನ ಮೇಲೆ ತೂಕಡಿಸುತ್ತಿದ್ದ.
ವೇಬಿಲ್ ಮುಗಿಸುವ ಅಭ್ಯಾಸ ನೋಡಿ,
ಕಿಟಕಿಯಿಂದಲೇ ಕಪಾಟು ಎಣಿಸಿದೆ.
ಏಳು ಉಳಿದಿತ್ತು.